ಬಾಕಿ ಏಳು

ಕೋರ್ಟಿನ ಎದುರಿನ ನನ್ನ ಜೆರಾಕ್ಸ್ ಅಂಗಡಿಗೆ
ವಕೀಲರೆಲ್ಲ ಊಟಕ್ಕೆದ್ದ ಹೊತ್ತಲ್ಲಿ ಬಂದ,
ಕೊರಳಲ್ಲಿ ಬ್ಯಾಂಕಿನ ಪಟ್ಟಿ, ಬಗಲಲ್ಲಿ ಹೊಳೆಯುವ ಕಾಗದ,
ಹೊನ್ನಾಳಿ ಕಡೆಯ ಹುಡುಗ ಇಮ್ತಿಯಾಜ್.
ಗಾಜಿನ ಮೇಲೆ ಎರಡು ಕಾರ್ಡಿನ ಚಿತ್ರ ಹರಡಿದ,
ಸೀರೆ ಅಂಗಡಿಯವರು ಸೆರಗು ಬಿಡಿಸಿ ತೋರಿಸುವ ಹಾಗೆ.

ನೀಲಿಯದರ ಮೇಲೆ ರೆಕ್ಕೆ. ಇನ್ನೊಂದು ಬೂದಿ, ಏನೂ ಇಲ್ಲ.
‘ನೀಲಿ ತಗೊಳ್ಳಿ ಅಕ್ಕಾ, ನೂರಕ್ಕೊಂದು ಪಾಯಿಂಟು,
ಹನ್ನೆರಡು ಸಾವಿರ ಕೂಡಿದರೆ ವಿಮಾನ ಪುಕ್ಕಟೆ.
ಏರ್‌ಪೋರ್ಟ್ ಲೌಂಜಲ್ಲಿ ಊಟ, ಸೋಫಾ...’
‘ನಮ್ಮ ಸೋಗಾನೆಯಲ್ಲೋ?’ ಅಂದೆ.
ಪೆನ್ನಿನ ಟೋಪಿ ತೆಗೆದು ಮತ್ತೆ ಹಾಕಿದ.

ನನಗೂ ಒಂದು ಆಸೆ ಇದೆ, ಯಾರಿಗೂ ಹೇಳಿದ್ದಲ್ಲ:
ಕಿಟಕಿ ಪಕ್ಕ ಕೂತು ಒಮ್ಮೆ ಮೇಲೇಳಬೇಕು,
ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವ ಜಾಗ
ಮೇಲಿನಿಂದ ಹೇಗಿದೆ ನೋಡಬೇಕು,
ನೀರು ಎರಡು ಬಣ್ಣವೋ, ಒಂದೇಯೋ.
ಆಮೇಲೆ ವಿಮಾನ ಎಲ್ಲಿಗಾದರೂ ಹೋಗಲಿ.
ಹೈದರಾಬಾದಿನಲ್ಲಿ ನನಗೇನು ಕೆಲಸ?

ಕ್ಯಾಲ್ಕುಲೇಟರ್ ಎಳೆದುಕೊಂಡೆ.
ಬಾಡಿಗೆಗೆ ಪಾಯಿಂಟಿಲ್ಲ, ಪೆಟ್ರೋಲಿಗಿಲ್ಲ,
ವಿಮೆಯ ಕಂತಿಗಿಲ್ಲ, ಕರೆಂಟ್ ಬಿಲ್ಲಿಗೆ ಅರ್ಧ.
ಇದೆಲ್ಲ ಇರುವೆಯಂಥ ಅಕ್ಷರದಲ್ಲಿತ್ತು,
ಮೆಷಿನ್ನಿಗಿಟ್ಟು ಎರಡು ಪಟ್ಟು ಹಿಗ್ಗಿಸಿ ಓದಿದೆ.
ಉಳಿದದ್ದು ಕಾಗದ. ರೀಮಿಗೆ ಇನ್ನೂರ ಎಂಬತ್ತು.
ಹನ್ನೆರಡು ಲಕ್ಷಕ್ಕೆ ಇಪ್ಪತ್ತೊಂದು ಲಕ್ಷ ಹಾಳೆ.
ಅಷ್ಟು ಅಫಿಡವಿಟ್ಟು, ಪಹಣಿ, ಜಾಮೀನು ಅರ್ಜಿ,
ಅಷ್ಟು ಅಣ್ಣ ತಮ್ಮಂದಿರ ಪಾಲುಪಟ್ಟಿ
ನನ್ನ ಕೈ ದಾಟಿ ಹೋದರೆ
ಒಂದು ಕಿಟಕಿ ಸೀಟು.

ಒಂಬತ್ತು ವರ್ಷ ಬೇಕು. ಪಾಯಿಂಟಿನ ಆಯಸ್ಸು ಎರಡು.
ವರ್ಷಕ್ಕೆ ಫೀಸು ಮೂರು ಸಾವಿರ. ಒಂಬತ್ ಮೂರಲೆ ಇಪ್ಪತ್ತೇಳು.
ದುಡ್ಡು ಕೊಟ್ಟು ಹತ್ತಿದರೆ ಟಿಕೆಟ್ಟಿಗೆ ನಾಲ್ಕು!

ಪಕ್ಕದ ಕನ್ನಡಕದ ಅಂಗಡಿಯ ಗ್ಲಾಡಿಸ್ ಇಣುಕಿ,
‘ಆದರೂ ನೀಲಿ ಚೆಂದ ಕಣೇ, ಪರ್ಸ್ ತೆರೆದಾಗ’ ಎಂದಳು.
ಅದೂ ಸುಳ್ಳಲ್ಲ.

ಹುಡುಗ ಅತ್ತಿತ್ತ ನೋಡಿ ದನಿ ತಗ್ಗಿಸಿದ.
‘ಒಂದು ಮಾತು ಹೇಳ್ಲಾ? ಮಾರ್ಚ್ ಟಾರ್ಗೆಟ್ಟಿಗೆ ನನಗೆ ನೀಲಿ ಬೇಕು,
ನಿಮಗೆ ಬೂದಿ ಸಾಕು. ಫೀಸಿಲ್ಲ.
ನೂರಕ್ಕೆ ಒಂದು ರೂಪಾಯಿ. ಪಾಯಿಂಟಲ್ಲ, ರೂಪಾಯಿ.
ಅದು ಸಾಯೋದಿಲ್ಲ.’
ಮೂರು ವರ್ಷ. ಬೆರಳು ಮಡಚಿ ಮತ್ತೊಮ್ಮೆ ನೋಡಿದೆ. ಮೂರೇ.
ಅವನಿಗೊಂದು ನೀಲಿ ತಪ್ಪಿತಲ್ಲ ಎಂದು ಟೀ ಹೇಳಿದೆ.

ಅರ್ಜಿಯಲ್ಲಿ ಹೆಸರಿಗೆ ಹತ್ತೊಂಬತ್ತೇ ಮನೆ.
ದಾಕ್ಷಾಯಿಣಿ ಹೊಳೆಬೆನವಳ್ಳಿ ನಿಂಗಪ್ಪ ಹಿಡಿಸಲಿಲ್ಲ.
ಊರು ಒಂದಕ್ಷರಕ್ಕೆ ಇಳಿಯಿತು,
ಅಪ್ಪ ಇನ್ನೊಂದಕ್ಕೆ.

ಪ್ಯಾನ್ ಕಾರ್ಡಿಗೆಂದು ಪರ್ಸ್ ಕೊಡವಿದರೆ
ಬಸ್ಸಿನ ಟಿಕೆಟೊಂದು ಬಿತ್ತು, ಮಾಸಿ ಮೆತ್ತಗಾದದ್ದು.
ಹಿಂದೆ ಬಾಲ್‌ಪೆನ್ನಲ್ಲಿ ಏಳು, ಏಳರ ಸುತ್ತ ಒಂದು ಗೆರೆ.
‘ಚಿಲ್ಲರೆ ಇಳಿಯುವಾಗ ಕೇಳಮ್ಮಾ’ ಅಂದಿದ್ದ ಕಂಡಕ್ಟರ್.
ಯಾರೋ ವಾಪರಿಸಿ ಬಿಟ್ಟ ಮೆಷಿನ್ ಮಾರಾಟಕ್ಕಿದೆಯೆಂದು
ಶಿಕಾರಿಪುರಕ್ಕೆ ಒಬ್ಬಳೇ ಹೋದ ದಿನ ಅದು.
ಇಳಿಯುವಾಗ ತಲೆಯಲ್ಲಿ ಮೆಷಿನ್ ಒಂದೇ ಇತ್ತು;
ತಿರುಗಿ ನೋಡುವಷ್ಟರಲ್ಲಿ ಬಸ್ಸು ಆನವಟ್ಟಿ ರಸ್ತೆ ಹಿಡಿದಿತ್ತು.

ಹದಿನಾರು ವರ್ಷ.
ಇಮ್ತಿಯಾಜ್ ಅದನ್ನೆತ್ತಿ, ತಿರುಗಿಸಿ,
‘ಇದು ಯಾವ ಬ್ಯಾಂಕಿಂದು ಅಕ್ಕಾ?’ ಎಂದ.

ಪ್ಯಾನ್ ಕಾರ್ಡಿನ ಪಕ್ಕ ಅದನ್ನೂ ಬೋರಲಿಟ್ಟು
ಮುಚ್ಚಳ ಹಾಕಿದೆ. ಬೆಳಕು
ಈ ತುದಿಯಿಂದ ಆ ತುದಿಗೆ ಹೋಗಿ ಬಂತು.
ಪ್ರತಿಯಲ್ಲಿ ಏಳು
ಅಸಲಿಗಿಂತ ಕಪ್ಪಾಗಿ ಮೂಡಿತ್ತು.